ಪದಚರ್ಚೆ: ಕಾಮಗಾರಿ ಕಾನೂನಿನ 'ಲೋಕಲ್ ಕಂಟೆಂಟ್' ಕನ್ನಡದಲ್ಲಿ ಏನು?

ಗೆಳೆಯರೇ,

ಕೆನ್ಯಾದ ಕಾಮಗಾರಿ ಕಾನೂನುಗಳ ಬಗ್ಗೆ ಒಂದು ಬರಹ ಬರೆಯುತ್ತಿದ್ದೇನೆ. 'ಲೋಕಲ್ ಕಂಟೆಂಟ್' ಅನ್ನುವ ಮಾತಿಗೆ, ಅಂದರೆ ಒಂದು ಕಾಮಗಾರಿಯಲ್ಲಿ ಆ ದೇಶದವರಿಗೆ, ಆ ದೇಶದ ಸಾಮಾನಿಗೆ ಸಿಗಬೇಕಾದ ಭಾಗಕ್ಕೆ, ಕನ್ನಡ ಬೇಕು. ಹಾಗೇ ಬಿಟ್ಟರೆ ಓದುವವರು ರೀಲ್ಸ್, ವಿಡಿಯೊ ಅಂದುಕೊಳ್ಳುತ್ತಾರೆ. 'ಸ್ಥಳೀಯ ಅಂಶ' ಎಂದು ಬರೆದರೆ ಏನೂ ಅರ್ಥವಾಗುವುದಿಲ್ಲ.

ಸಂದರ್ಭ ಇದು. ಕೆನ್ಯಾದಲ್ಲಿ ರಾಷ್ಟ್ರೀಯ ನಿರ್ಮಾಣ ಪ್ರಾಧಿಕಾರದ ಕಾಯ್ದೆ ಬಂದದ್ದು 2011ರಲ್ಲಿ. ಅದರಡಿ 2014ರಲ್ಲಿ ನಿಯಮಗಳಾದವು. ಹೊರದೇಶದ ಕಂಟ್ರಾಕ್ಟರ್ ಕೆಲಸ ಹಿಡಿದರೆ, ಅದರ ಮೌಲ್ಯದಲ್ಲಿ ಕನಿಷ್ಠ ಶೇ 30ರಷ್ಟನ್ನು ಅಲ್ಲಿನವರಿಗೆ ಉಪಗುತ್ತಿಗೆ ಕೊಡಬೇಕು, ಇಲ್ಲವೇ ಅವರ ಜೊತೆ ಸೇರಿ ಮಾಡಬೇಕು. 2017ರಲ್ಲಿ ಸಂಚಾರ ಶುರುವಾದ ಮೊಂಬಾಸಾ–ನೈರೋಬಿ ರೈಲು ಮಾರ್ಗಕ್ಕೆ ಶೇ 40ರ ಲೋಕಲ್ ಕಂಟೆಂಟ್ ಗುರಿ ಇತ್ತು. ಅದಕ್ಕೆ ಸಾಲ ಕೊಟ್ಟದ್ದು ಚೀನಾದ ಎಕ್ಸಿಂ ಬ್ಯಾಂಕ್, ಕಟ್ಟಿದ್ದು ಚೀನಾದ ಕಂಪನಿ. ಸಿಮೆಂಟ್ ಕೆನ್ಯಾದ್ದು. ಹಳಿ, ಎಂಜಿನ್ ಚೀನಾದವು.

ಹಾಗಾದರೆ ಆ ಶೇ 40 ಯಾವುದರಲ್ಲಿ? ಹಣದಲ್ಲೋ, ಸಾಮಾನಿನಲ್ಲೋ, ಆಳುಗಳ ಲೆಕ್ಕದಲ್ಲೋ? ಇಂಥ ಕಾನೂನು ಕಾಗದದಲ್ಲೇ ಉಳಿಯಲು ಇದು ದೊಡ್ಡ ಕಾರಣ ಅನ್ನಿಸುತ್ತದೆ. ಅಳತೆ ಬಿಗಿಯಾಗಿಲ್ಲದಿದ್ದರೆ ಸಾವಿರಾರು ಕೂಲಿಗಳನ್ನು ತೋರಿಸಿ ಲೆಕ್ಕ ಒಪ್ಪಿಸಬಹುದು. ಡಿಸೈನ್, ಮೇಲುಸ್ತುವಾರಿ ಎಲ್ಲ ಹೊರಗಿನವರ ಕೈಯಲ್ಲೇ ಇರುತ್ತದೆ. ಕೆಲಸ ಮುಗಿದ ಮೇಲೆ ದೇಶದವರಿಗೆ ಕಲಿತದ್ದು ಏನೂ ಉಳಿಯುವುದಿಲ್ಲ.

ಭಾರತದ 2017ರ ಸರ್ಕಾರಿ ಖರೀದಿ ಆದೇಶದಲ್ಲಿ ಈ ಗೊಂದಲ ಕಡಿಮೆ. ಒಟ್ಟು ಬೆಲೆಯಲ್ಲಿ ಆಮದು ಸಾಮಾನಿನ ಬೆಲೆ ಕಳೆದು, ಉಳಿದದ್ದು ಶೇಕಡಾ ಎಷ್ಟು ಅಂತ ನೋಡುತ್ತಾರೆ. ಅಂದರೆ ಅದು 'ಅಂಶ' ಅಲ್ಲ, 'ಪಾಲು'. ಕೆನ್ಯಾದ ವಿಷಯಕ್ಕೂ ಪಾಲು ಅನ್ನುವುದೇ ಸರಿ.

ಇನ್ನು 'ಸ್ಥಳೀಯ'. ನಮಗೆ ಸ್ಥಳೀಯರು ಅಂದರೆ ಊರಿನವರು, ಜಿಲ್ಲೆಯವರು, ಜಾಸ್ತಿ ಅಂದರೆ ರಾಜ್ಯದವರು. 2024ರಲ್ಲಿ ಸ್ಥಳೀಯರಿಗೆ ಉದ್ಯೋಗ ಮೀಸಲಿಡುವ ಮಸೂದೆಯ ಗಲಾಟೆ ಆಯ್ತಲ್ಲ, ಓದುಗರಿಗೆ ಅದೇ ನೆನಪಾಗುತ್ತದೆ. ಆದರೆ ಕೆನ್ಯಾದ ಕಾನೂನು ಹೇಳುವುದು ದೇಶದವರ ಬಗ್ಗೆ. 'ಒಳನಾಡಿನ ಪಾಲು' ಅಂದರೆ ಒಳನಾಡು ಮೀನುಗಾರಿಕೆಯ ಹಾಗೆ ಕೇಳಿಸುತ್ತದೆ. ಸದ್ಯಕ್ಕೆ 'ದೇಶೀಯ ಪಾಲು' ಎಂದು ಬರೆದುಕೊಂಡಿದ್ದೇನೆ.

ಇನ್ನೊಂದು ಪದ 'ಫ್ರಂಟಿಂಗ್'. ಅಲ್ಲಿನ ಕಂಪನಿ ಹೆಸರು ಮಾತ್ರ ಕೊಡುತ್ತದೆ, ಕಮಿಷನ್ ತೆಗೆದುಕೊಳ್ಳುತ್ತದೆ. ಕೆಲಸವನ್ನೆಲ್ಲ ಹೊರಗಿನವರೇ ಮಾಡುತ್ತಾರೆ. ಇದನ್ನು ಬರೀ ಮೋಸ ಅಂತ ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಸಣ್ಣ ಕಂಟ್ರಾಕ್ಟರ್ ಬ್ಯಾಂಕ್ ಗ್ಯಾರಂಟಿ ಕೊಡಲಾರ, ದೊಡ್ಡ ಯಂತ್ರ ತರಲಾರ. ಬಿಲ್ ತಿಂಗಳುಗಟ್ಟಲೆ ನಿಂತರೆ ಮುಳುಗಿಯೇ ಹೋಗುತ್ತಾನೆ. ಅವನಿಗೆ ಹೆಸರು ಕೊಟ್ಟು ಕಮಿಷನ್ ಪಡೆಯುವುದೇ ಸುಲಭ, ಅಲ್ವಾ?

ನಮ್ಮಲ್ಲಿ 'ಬೇನಾಮಿ' ಇದೆ. ಆದರೆ ಅದು ಕೇಳಿದ ಕೂಡಲೇ ಜಮೀನು, ಕಪ್ಪುಹಣ ನೆನಪಿಗೆ ಬರುತ್ತದೆ. 'ಇನ್ನೊಬ್ಬರ ಲೈಸೆನ್ಸ್ ಮೇಲೆ ಕೆಲಸ ಮಾಡೋದು' ಅನ್ನುವ ಮಾತು ಹೆಚ್ಚು ಹತ್ತಿರ, ಆದರೆ ತಲೆಬರಹಕ್ಕೆ ಉದ್ದವಾಯಿತು. ಕಾಮಗಾರಿ ಗುತ್ತಿಗೆಯಲ್ಲಿ, ಲೋಕೋಪಯೋಗಿ ಇಲಾಖೆಯಲ್ಲಿ ಕೆಲಸ ಮಾಡಿದವರು ಇಲ್ಲಿದ್ದರೆ ದಯವಿಟ್ಟು ಹೇಳಿ: ಇದಕ್ಕೆ ನಿಮ್ಮ ಕಡೆ ಬಳಕೆಯಲ್ಲಿರುವ ಚಿಕ್ಕ ಪದ ಯಾವುದು? 'ದೇಶೀಯ ಪಾಲು' ಟೆಂಡರ್ ಕಾಗದದಲ್ಲಿ ಕೂರುತ್ತದೆಯೇ?