ಪದಚರ್ಚೆ: ಹಳೇ ವೀಡಿಯೊ ಗೇಮುಗಳ ಮಾತಿನಲ್ಲಿ ‘ನಾಸ್ಟಾಲ್ಜಿಯಾ’, ‘ಓವರ್‌ರೇಟೆಡ್’

ಪ್ರಶ್ನೆ (ಸರಸ್ವತಿಪುರಂ, ಮೈಸೂರು)

ಎಲ್ಲರಿಗೂ ನಮಸ್ಕಾರ. 1980–90ರ ದಶಕದ ವೀಡಿಯೊ ಗೇಮುಗಳ ಬಗ್ಗೆ ಕನ್ನಡದಲ್ಲಿ ಒಂದು ಬರಹ ತಯಾರಾಗುತ್ತಿದೆ. ಅದರಲ್ಲಿ ಹೀಗೊಂದು ವಾಕ್ಯ: “ಈ ಕ್ಲಾಸಿಕ್ ಆಟಗಳೆಲ್ಲ ಓವರ್‌ರೇಟೆಡ್, ಉಳಿದಿರುವುದು ಬರೀ ನಾಸ್ಟಾಲ್ಜಿಯಾ.” ಮೂರು ಪದಗಳಿಗೂ ಕನ್ನಡ ಬೇಕು. ‘ಶಾಸ್ತ್ರೀಯ’, ‘ಅತಿಮೌಲ್ಯಿತ’, ‘ಗೃಹವಿರಹ’ ಎಂಬ ಸಲಹೆಗಳು ಬಂದಿವೆ. ಓದುವವರು ಹೈಸ್ಕೂಲು, ಕಾಲೇಜಿನ ಮಕ್ಕಳು; ಓದಿದ ಕೂಡಲೇ ಅರ್ಥವಾಗಬೇಕು. ಇವಕ್ಕಿಂತ ಒಳ್ಳೆಯ ಪದಗಳಿವೆಯೇ?

ಉತ್ತರ (ಕುವೆಂಪುನಗರ, ಮೈಸೂರು)

ಮೇಡಂ, ‘ಶಾಸ್ತ್ರೀಯ’ ಖಂಡಿತ ಬೇಡ. ಅದು ಸಂಗೀತಕ್ಕೆ, ನೃತ್ಯಕ್ಕೆ, 2008ರಿಂದ ಕನ್ನಡ ಭಾಷೆಗೂ ಸಲ್ಲುವ ವಿಶೇಷಣ. ಆಟಕ್ಕೆ ಹಚ್ಚಿದರೆ ಚದುರಂಗವೋ ಪಗಡೆಯೋ ಅನ್ನಿಸುತ್ತದೆ. ‘ಕ್ಲಾಸಿಕ್’ ಎಂದೇ ಬಿಡಿ, ಇಲ್ಲವೇ ‘ಹೆಸರಾದ ಹಳೇ ಆಟಗಳು’ ಎನ್ನಿ.

‘ಗೃಹವಿರಹ’ಕ್ಕೆ ವ್ಯುತ್ಪತ್ತಿಯ ಬೆಂಬಲವೇನೋ ಇದೆ. ನಾಸ್ಟಾಲ್ಜಿಯಾ ಪದವನ್ನು ಕಟ್ಟಿದ್ದು ಯೊಹಾನೆಸ್ ಹೋಫರ್, 1688ರಲ್ಲಿ ಬಾಸೆಲ್‌ನಲ್ಲಿ ಬರೆದ ವೈದ್ಯಕೀಯ ಪ್ರಬಂಧದಲ್ಲಿ. ಗ್ರೀಕಿನ ‘ನೊಸ್ಟೊಸ್’ ಅಂದರೆ ಮನೆಗೆ ಮರಳುವುದು, ‘ಆಲ್ಗೊಸ್’ ಅಂದರೆ ನೋವು. ಊರು ಬಿಟ್ಟವರಿಗೆ ಹತ್ತುವ ಕಾಯಿಲೆಯ ಹೆಸರಾಗಿತ್ತು ಅದು. ಆದರೆ ನಿಮ್ಮ ವಾಕ್ಯದಲ್ಲಿ ಮನೆಯೂ ಇಲ್ಲ, ಕಾಯಿಲೆಯೂ ಇಲ್ಲ. ಅಲ್ಲಿರುವುದು ಒಂದು ಆರೋಪ: ನಿಮಗೆ ಆಟ ಹಿಡಿಸಿರುವುದು ಅದು ಚೆನ್ನಾಗಿದೆ ಎಂದಲ್ಲ, ನೀವು ಚಿಕ್ಕವರಿದ್ದಾಗ ಆಡಿದ್ದೀರಿ ಎಂದು. ಬೇಕಾಗಿರುವುದು ಈ ಆರೋಪವನ್ನು ಹೊರಬಲ್ಲ ಪದ.

ಪತ್ರಿಕೆಗಳು ಬಳಸುವ ‘ಹಳಹಳಿಕೆ’ಯನ್ನು ಮೊದಲು ನೋಡೋಣ. ಹಳಹಳಿಸುವುದೆಂದರೆ ಕಳೆದದ್ದಕ್ಕೆ ಮರುಗುವುದು. ಕೈತಪ್ಪಿತಲ್ಲಾ ಎಂಬ ಸಂಕಟ ಅದರಲ್ಲಿ ಮುಂದಿರುತ್ತದೆ. ‘ಸವಿನೆನಪು’ ಅದರ ಎದುರು ತುದಿ, ಅಲ್ಲಿ ನೋವೇ ಇಲ್ಲ. ‘ಹಂಬಲ’ಕ್ಕೆ ಮತ್ತೆ ಬೇಕೆಂಬ ಒತ್ತಾಯವಿದೆ. ಮೂರೂ ಒಳ್ಳೆಯ ಪದಗಳು, ಆದರೆ ಯಾವುದೂ ತೀರ್ಪು ಒಂದು ಕಡೆಗೆ ವಾಲುವುದನ್ನು ಹೇಳುವುದಿಲ್ಲ. ಅದನ್ನು ಹೇಳುವುದು ‘ಮಮತೆ’. ‘ಮಮ’ ಎಂದರೆ ‘ನನ್ನದು’; ನನ್ನದೆಂಬ ಭಾವವೇ ಮಮತೆ. ‘ಹಳೇ ಮಮತೆ’ ಎಂದರೆ ಹೈಸ್ಕೂಲಿನ ಹುಡುಗನಿಗೂ ತಿಳಿಯುತ್ತದೆ, ಮಾತಿನಲ್ಲಿ ತಿರಸ್ಕಾರವೂ ಇರುವುದಿಲ್ಲ. ‘ವ್ಯಾಮೋಹ’ ಎಂದಿರೋ, ಓದುಗರನ್ನು ಬೈದಂತಾಯಿತು.

‘ಅತಿಮೌಲ್ಯಿತ’ ಯಾರ ಬಾಯಲ್ಲೂ ಇಲ್ಲ. ಮೌಲ್ಯಮಾಪನ ಅಂದ ಕೂಡಲೇ ಉತ್ತರಪತ್ರಿಕೆಯ ನೆನಪಾಗುತ್ತದೆ. ಮೈಸೂರಿನ ಆಡುಮಾತಲ್ಲಿ ‘ಸುಮ್ನೆ ಬಿಲ್ಡಪ್ಪು’, ಮಂಡ್ಯದ ಕಡೆ ‘ಏನ್ ಮಹಾ ಬುಡು, ಸುಮ್ಕೆ ಏರ್ಸವ್ರೆ’. ಬರಹಕ್ಕೆ ‘ಹೆಸರಿನಷ್ಟು ಹುರುಳಿಲ್ಲ’ ಎಂಬುದು ಅಳತೆಗೆ ಸರಿಯಾಗಿ ಕೂರುತ್ತದೆ. ಹೆಸರೂ ಇದೆ, ಹುರುಳೂ ಇದೆ, ಎರಡರ ನಡುವಿನ ಅಂತರವೂ ಇದೆ. ಆಗ ನಮ್ಮಲ್ಲಿ ಮಾರಾಟವಾಗುತ್ತಿದ್ದ ‘9999 ಇನ್ 1’ ಕ್ಯಾಸೆಟ್ಟುಗಳಿಗೆ ಈ ಮಾತು ಅಕ್ಷರಶಃ ಹೊಂದುತ್ತದೆ: ಬೇರೆಬೇರೆ ಆಟಗಳು ಬೆರಳೆಣಿಕೆಯಷ್ಟು, ಮಿಕ್ಕದ್ದೆಲ್ಲ ಅವೇ ಆಟಗಳು ಬೇರೆ ಸ್ಟೇಜಿನಿಂದ ಶುರುವಾಗುವುದು.

ಇನ್ನೊಂದು ಪದವನ್ನೂ ಕೈಬಿಡಬೇಡಿ: ಬಸವಣ್ಣನವರ ವಚನದಲ್ಲಿ ಬರುವ ‘ಹೊನ್ನಶೂಲ’. ಹೊಗಳಿಕೆಯೇ ಹೊಗಳಿಸಿಕೊಂಡವರನ್ನು ಇರಿಯುವುದು ಎಂದು ಅದರ ಅರ್ಥ. ಕೆಲವು ಆಟಗಳಿಗೆ ಆಗಿರುವುದು ಇದೇ. 1998ರ ‘ದಿ ಲೆಜೆಂಡ್ ಆಫ್ ಜೆಲ್ಡಾ: ಆಕರಿನಾ ಆಫ್ ಟೈಮ್’ಗೆ ವಿಮರ್ಶಕರ ಅಂಕಗಳನ್ನು ಒಟ್ಟುಗೂಡಿಸುವ ಮೆಟಾಕ್ರಿಟಿಕ್ ಜಾಲತಾಣದಲ್ಲಿ 100ಕ್ಕೆ 99 ಅಂಕ. ಆ ಅಂಕ ನೋಡಿಕೊಂಡು ಇವತ್ತು ಆಡಲು ಕೂತವರಿಗೆ ಮೊದಲು ಕಾಣುವುದು ಸೆಕೆಂಡಿಗೆ 20 ಚಿತ್ರಗಳ ಕುಂಟುನಡೆ. ಆಟದ ‘ನೀರಿನ ಗುಡಿ’ ಎಂಬ ಭಾಗದಲ್ಲಂತೂ ನೀರಿನಡಿ ಇಳಿಯುವ ಕಬ್ಬಿಣದ ಬೂಟು ಹಾಕಲು, ಬಿಚ್ಚಲು ಪ್ರತಿ ಸಲವೂ ಆಟ ನಿಲ್ಲಿಸಿ ಮೆನು ತೆರೆಯಬೇಕು. 2011ರಲ್ಲಿ ನಿಂಟೆಂಡೊದ 3ಡಿಎಸ್ ಎಂಬ ಕೈಯಲ್ಲಿ ಹಿಡಿದಾಡುವ ಯಂತ್ರಕ್ಕೆ ಮರುರೂಪ ಕೊಟ್ಟಾಗ ವೇಗವನ್ನು 30ಕ್ಕೆ ಏರಿಸಿ, ಬೂಟನ್ನು ಒಂದು ಗುಂಡಿಗೆ ಹೊಂದಿಸಿದರು. ತೊಡಕು ಎಲ್ಲಿತ್ತೆಂದು ತಯಾರಕರೇ ಒಪ್ಪಿದಂತೆ. ಆದರೆ ಎದುರಾಳಿಯ ಮೇಲೆ ಕಣ್ಣು ಕೀಲಿಸಿ ಸುತ್ತುತ್ತಾ ಕಾದಾಡುವ ಏರ್ಪಾಡು ಮರುರೂಪದಲ್ಲೂ ಉಳಿಯಿತು, ಆಮೇಲಿನ ಎಷ್ಟೋ ಮೂರು ಆಯಾಮದ ಆಟಗಳಿಗೂ ಹೋಯಿತು. ಅದು ಹುರುಳು.

ಇದಕ್ಕೆ ಕನ್ನಡದಲ್ಲಿ ಸೊಗಸಾದ ಪದವಿದೆ, ನಿಮ್ಮ ಪಟ್ಟಿಯಲ್ಲಿ ಬರಲೇಬೇಕು: ಬಾಳಿಕೆ. ‘ಆಟ ಇವತ್ತಿಗೂ ಬಾಳಿಕೆ ಬಂದಿದೆಯೇ?’ ಎಂದು ಕೇಳಿದರೆ ಚರ್ಚೆ ಹೊಗಳಿಕೆ-ತೆಗಳಿಕೆಯಿಂದ ಪರೀಕ್ಷೆಗೆ ಬರುತ್ತದೆ. ಪರೀಕ್ಷಕರಲ್ಲಿ ಒಬ್ಬರಾದರೂ ಮಮತೆ ಇಲ್ಲದವರಿರಬೇಕು, ಆಟವನ್ನು ಹಿಂದೆಂದೂ ನೋಡಿರದವರು. 1985ರ ‘ಸೂಪರ್ ಮಾರಿಯೊ ಬ್ರದರ್ಸ್’ ಒಟ್ಟು 40 ಕಿಲೋಬೈಟು. ಮೋಡಕ್ಕೂ ಪೊದೆಗೂ ಒಂದೇ ಚಿತ್ರ, ಬಣ್ಣ ಮಾತ್ರ ಬೇರೆ. ಅಷ್ಟು ಜಾಗದಲ್ಲಿ ಮೊದಲ ಸ್ಟೇಜು ಹೇಗೆ ಪಾಠ ಮಾಡುತ್ತದೆ ನೋಡಿ. ಶುರುವಾದ ಕೆಲವೇ ಕ್ಷಣದಲ್ಲಿ ಶತ್ರು ಎದುರು ಬರುತ್ತಾನೆ, ಜಿಗಿಯದಿದ್ದರೆ ಒಂದು ಲೈಫ್ ಹೋಯಿತು. ಪೆಟ್ಟಿಗೆಯಿಂದ ಹೊರಬಿದ್ದ ಅಣಬೆ ಬಲಕ್ಕೆ ಉರುಳಿ, ಕೊಳವೆಗೆ ಬಡಿದು, ಆಡುವವರ ಕಡೆಗೇ ವಾಪಸ್ ಬರುತ್ತದೆ. ಅದು ಒಳ್ಳೆಯದೆಂದು ಯಾರೂ ಹೇಳಿಕೊಡಬೇಕಿಲ್ಲ. ಇದು ಬಾಳಿಕೆ ಬಂದ ಭಾಗ. 4ನೇ, 7ನೇ ಲೋಕಗಳ ಕೊನೆಯ ಸ್ಟೇಜಿನ (4-4, 7-4) ಕೋಟೆಗಳು ಬಾಳಿಕೆ ಬಂದಿಲ್ಲ: ಮೇಲಿನ ದಾರಿಯೋ ಕೆಳಗಿನ ದಾರಿಯೋ ಎಂಬ ಸುಳಿವೇ ಇಲ್ಲದೆ, ತಪ್ಪಿದವರು ಅದೇ ಹಾದಿಯಲ್ಲಿ ಸುತ್ತುತ್ತಾ ಸಮಯ ಮುಗಿಸಿಕೊಳ್ಳುತ್ತಾರೆ. ಎಲ್ಲ ಲೈಫ್ ಮುಗಿದ ಮೇಲೆ ‘ಎ’ ಗುಂಡಿ ಒತ್ತಿ ಹಿಡಿದು ‘ಸ್ಟಾರ್ಟ್’ ಅದುಮಿದರೆ ಸೋತ ಲೋಕದ ಮೊದಲ ಸ್ಟೇಜಿನಿಂದಲೇ ಶುರುಮಾಡಬಹುದಿತ್ತು. ಆದರೆ ಅದನ್ನು ತಿಳಿಸುವ ಒಂದಕ್ಷರವೂ ಪರದೆಯ ಮೇಲೆ ಬರುವುದಿಲ್ಲ.

‘ಹುರುಳಿಲ್ಲ’ ಎಂದು ಬರೆಯುವ ಮುಂಚೆ, ಆಡುತ್ತಿರುವುದು ಅದೇ ಆಟವೇ ಎಂದು ನೋಡಿಕೊಳ್ಳಬೇಕು. ಎಷ್ಟೋ ವಾದಗಳು ದಾರಿ ತಪ್ಪುವುದು ಇಲ್ಲಿ. ನಮ್ಮಲ್ಲಿನ ಹಳೇ ಟಿವಿ ಪಾಲ್ ಎಂಬ ಪ್ರಸಾರ ಪದ್ಧತಿಯದು, ಪರದೆಯ ಚಿತ್ರ ಸೆಕೆಂಡಿಗೆ 50 ಸಲ ಬದಲಾಗುತ್ತಿತ್ತು. ಜಪಾನ್, ಅಮೆರಿಕದ ಆಟಗಳು 60ಕ್ಕೆ ಹೊಂದಿಸಿದವು. ಪಾಲ್ ಟಿವಿಗೆಂದು ನಿಂಟೆಂಡೊದ ಗೇಮ್ ಯಂತ್ರವನ್ನು ನಕಲು ಮಾಡಿದ ಪೆಟ್ಟಿಗೆಗಳಲ್ಲಿ ಅದೇ ಆಟ ನಿಧಾನವಾಗಿ ಓಡುತ್ತದೆ, 5 ನಿಮಿಷದ್ದು 6 ನಿಮಿಷ. ಪ್ರೊಸೆಸರಿನ ವೇಗ ಮಾತ್ರ ಹೆಚ್ಚುಕಡಿಮೆ ಮೂಲದಷ್ಟೇ ಇದ್ದದ್ದರಿಂದ ಸಂಗೀತದ ಶ್ರುತಿ ಹಾಗೇ ಉಳಿದು ಲಯ ಮಾತ್ರ ಇಳಿಯುತ್ತಿತ್ತು. ಹಾಗೆ ಬೆಳೆದವರು ಇವತ್ತು ಎಮ್ಯುಲೇಟರಿನಲ್ಲಿ (ಹಳೇ ಯಂತ್ರವನ್ನು ಅನುಕರಿಸುವ ತಂತ್ರಾಂಶದಲ್ಲಿ) 60ರ ವೇಗಕ್ಕೆ ಆಡಿ ‘ಆಗಿನ ಮಜಾ ಇಲ್ಲ’ ಎಂದರೆ ಅದು ಬರೀ ಮಮತೆಯಲ್ಲ, ಅವರ ಕೈ ನಿಜವಾಗಿಯೂ ಬೇರೆ ವೇಗಕ್ಕೆ ಪಳಗಿದೆ. ಮೆಸೆನ್, ಎಫ್‌ಸಿಇಯುಎಕ್ಸ್ ಎಂಬ ಎಮ್ಯುಲೇಟರುಗಳೆರಡರಲ್ಲೂ ಪ್ರದೇಶದ ಆಯ್ಕೆಯಲ್ಲಿ ‘ಡೆಂಡಿ’ (ರಷ್ಯಾದಲ್ಲಿ ಮಾರಾಟವಾದ ಇಂಥದೇ ನಕಲಿ ಪೆಟ್ಟಿಗೆ) ಎಂಬುದಿದೆ. ಈ ನಕಲಿ ಪೆಟ್ಟಿಗೆಗಳ ವೇಗಕ್ಕೆ ಹತ್ತಿರದ್ದು ಅದೇ.

ಟಿವಿಯದ್ದೂ ಒಂದು ಪಾಲಿದೆ. ಹಳೇ ಡಬ್ಬಾ ಟಿವಿ ಸಂಕೇತ ಬಂದಂತೆಲ್ಲ ಗೆರೆ ಎಳೆಯುತ್ತಾ ಹೋಗುತ್ತಿತ್ತು. ಈಗಿನ ಎಲ್‌ಸಿಡಿ ಚಿತ್ರವನ್ನು ತಿದ್ದಿ ತೋರಿಸುವಷ್ಟರಲ್ಲಿ 50 ಮಿಲಿಸೆಕೆಂಡು ತಡವಾದರೂ ಮೂರು ಚೌಕಟ್ಟು ಹಿಂದೆ ಬಿದ್ದಂತೆ, ಅಷ್ಟರಲ್ಲಿ ಮಾರಿಯೊ ಹಳ್ಳದೊಳಗೆ. ಟಿವಿಯಲ್ಲಿ ‘ಗೇಮ್ ಮೋಡ್’ ಹಾಕಿ, ಚಿತ್ರ 4:3ರ ಅಳತೆಯಲ್ಲಿರಲಿ. ‘ಡಕ್ ಹಂಟ್’ನ ಕೋವಿಯಂತೂ ಎಲ್‌ಸಿಡಿಯಲ್ಲಿ ಕೆಲಸವನ್ನೇ ಮಾಡುವುದಿಲ್ಲ. ಕೋವಿಯ ಕುದುರೆ (ಟ್ರಿಗರ್) ಎಳೆದಾಗ ಪರದೆ ಕಪ್ಪಾಗಿ, ಬಾತುಕೋಳಿ ಇದ್ದಲ್ಲಿ ಬಿಳಿ ಚೌಕ ಮಿಂಚಿ, ಆ ಬೆಳಕು ಆ ಕ್ಷಣಕ್ಕೇ ಕೋವಿಯ ಕಣ್ಣಿಗೆ ಬೀಳಬೇಕು. ಹಾಗೆಯೇ ‘ಕಾಂಟ್ರಾ’ ಸುಲಭ ಎನ್ನುವವರು ಆಡಿದ್ದು ಮೂರು ಲೈಫಿನದೋ, ಗುಪ್ತ ಸಂಕೇತ ಒತ್ತಿ ಪಡೆದ 30 ಲೈಫಿನದೋ ಕೇಳಿ. ಎರಡೂ ಬೇರೆ ಬೇರೆ ಆಟಗಳೇ ಸರಿ.

ಉತ್ತರ (ಮಂಡ್ಯ)

‘ಮಮತೆ’, ‘ಬಾಳಿಕೆ’ ಎರಡೂ ಒಪ್ಪಿಗೆ. ‘ಹೊನ್ನಶೂಲ’ವನ್ನು ಒಂದೇ ಕಡೆ ಬಳಸಿ ಸಾರ್, ಪ್ರತಿ ಆಟಕ್ಕೂ ಹಾಕಿದರೆ ಮೊನೆ ಮೊಂಡಾಗುತ್ತದೆ. ಇನ್ನೊಂದು ಮಾತು: ‘ಕ್ಯಾಸೆಟ್’ ಅನ್ನುವುದನ್ನು ‘ಕಾರ್ಟ್ರಿಜ್’ ಎಂದು ಯಾರಾದರೂ ತಿದ್ದಲು ಬರಬಹುದು, ಬಿಡಬೇಡಿ. ಒಳಗೆ ಟೇಪು ಇಲ್ಲದಿದ್ದರೂ ನಮ್ಮ ಜನ ಕರೆದದ್ದು ಹಾಗೆಯೇ. ಒಮ್ಮೆ ವಿವರಿಸಿದರೆ ಸಾಕು: ಚಿಪ್ ಕೂರಿಸಿದ ಹಲಗೆ, ಅಂಚಿನಲ್ಲಿ 60 ಸಂಪರ್ಕಗಳು. ಅದೇ ನಿಂಟೆಂಡೊ ಯಂತ್ರದ ಅಮೆರಿಕದ ಮಾದರಿಯ ಕ್ಯಾಸೆಟ್ಟಿಗೆ 72, ಹಾಗಾಗಿ ಒಂದರದ್ದು ಇನ್ನೊಂದಕ್ಕೆ ಕೂರುವುದಿಲ್ಲ.

ಕ್ಯಾಸೆಟ್ಟಿಗೆ ಉಫ್ ಎಂದು ಊದುವುದನ್ನು ಸವಿನೆನಪೆಂದು ಬರೆಯುವುದಾದರೆ ಜೊತೆಗೆ ಎಚ್ಚರಿಕೆಯೂ ಇರಲಿ. ಕೆಲಸ ಮಾಡುತ್ತಿದ್ದದ್ದು ಊದಿದ್ದಲ್ಲ, ತೆಗೆದು ಮತ್ತೆ ಕೂರಿಸಿದ್ದು. ಉಸಿರಿನ ತೇವ ಲೋಹದ ಮೇಲೆ ಕೂತು ಕಿಲುಬು ಹಿಡಿಸುತ್ತದೆ. ಶೇಕಡಾ 90ಕ್ಕಿಂತ ಮೇಲಿನ ಐಸೊಪ್ರೊಪೈಲ್ ಆಲ್ಕೊಹಾಲನ್ನು ಕಿವಿಗೆ ಹಾಕುವ ಹತ್ತಿಕಡ್ಡಿಗೆ ಹಚ್ಚಿ, ಸಂಪರ್ಕಗಳ ಎರಡೂ ಬದಿಯನ್ನು ಕಡ್ಡಿ ಕಪ್ಪಾಗುವುದು ನಿಲ್ಲುವವರೆಗೂ ಒರೆಸಿ, ಪೂರ್ತಿ ಒಣಗಿದ ಮೇಲೆ ಹಾಕಬೇಕು.

ಮರುನುಡಿ (ಸರಸ್ವತಿಪುರಂ, ಮೈಸೂರು)

ಇಬ್ಬರಿಗೂ ವಂದನೆ. ವಾಕ್ಯ ಈಗ ಹೀಗಿದೆ: “ಹೆಸರಾದ ಹಳೇ ಆಟಗಳಲ್ಲಿ ಕೆಲವಕ್ಕೆ ಹೆಸರಿನಷ್ಟು ಹುರುಳಿಲ್ಲ, ಹಳೇ ಮಮತೆ ಅವನ್ನು ಹೊತ್ತುಕೊಂಡಿದೆ; ಕೆಲವು ಮಮತೆಯ ಹಂಗಿಲ್ಲದೆ ಬಾಳಿಕೆ ಬಂದಿವೆ.” ಮೂಲದ ‘ಎಲ್ಲ’ವನ್ನು ತೆಗೆದಿದ್ದೇವೆ. ‘ಲೈಫ್’, ‘ಸ್ಟೇಜ್’, ‘ಕ್ಯಾಸೆಟ್’ ಮೂರೂ ಹಾಗೇ ಇರುತ್ತವೆ. 50-60ರ ವೇಗದ ವಿಷಯ ಚೌಕದೊಳಗೆ ಬೇರೆಯಾಗಿ ಹೋಗುತ್ತದೆ.