ಐರಿಷ್ ಕವಿತೆಗೆ ರಾಗ ಹಾಕಿ ಪ್ರವಾಸದಲ್ಲಿ ಹಾಡುವುದು: ಹಕ್ಕು, ಲಯ, ಶ್ರುತಿ

ಪ್ರಶ್ನೆ: ಯೇಟ್ಸ್, ಪ್ಯಾಟ್ರಿಕ್ ಕ್ಯಾವನಾ ಕವಿತೆಗಳಿಗೆ ರಾಗ ಹಾಕಿ ಐರ್ಲೆಂಡ್, ಅಮೆರಿಕದಲ್ಲಿ ಗಿಟಾರ್ ಜೊತೆ ಹಾಡುವ ಯೋಜನೆಯಿದೆ. ಅನುಮತಿ ಯಾವುದಕ್ಕೆ ಬೇಕು? ಯೇಟ್ಸ್‌ರ ‘ಇನಿಸ್‌ಫ್ರೀ’ ಕವಿತೆಯ ಉದ್ದ ಸಾಲುಗಳು 4/4 ತಾಳದಲ್ಲಿ (ಆವರ್ತಕ್ಕೆ ನಾಲ್ಕು ಪೆಟ್ಟು) ಕೂರುತ್ತಿಲ್ಲ, ಏನು ಮಾಡಬೇಕು? ಗಿಟಾರಿಗೆ ಯಾವ ಶ್ರುತಿ ಒಗ್ಗುತ್ತದೆ?

ಉತ್ತರ 1: ಐರ್ಲೆಂಡಿನಲ್ಲಿ ಕವಿ ತೀರಿಕೊಂಡ ಮೇಲೆ 70 ವರ್ಷ ಕೃತಿಸ್ವಾಮ್ಯದ ಹಕ್ಕು ಇರುತ್ತದೆ. ಯೇಟ್ಸ್ ತೀರಿಕೊಂಡದ್ದು 1939ರಲ್ಲಿ, ಹಾಗಾಗಿ ಅಲ್ಲಿ ತೊಡಕಿಲ್ಲ. ಕ್ಯಾವನಾ ತೀರಿಕೊಂಡದ್ದು 1967ರಲ್ಲಿ, ಹಾಗಾಗಿ 2037ರ ಕೊನೆಯವರೆಗೆ ಹಕ್ಕುದಾರರ ಲಿಖಿತ ಒಪ್ಪಿಗೆ ಬೇಕೇ ಬೇಕು. ಸಭಾಂಗಣದವರ ಬಳಿ ಸಂಗೀತ ಪರವಾನಗಿ ಇದ್ದರೆ ಸಾಕು ಅಂದುಕೊಳ್ಳಬೇಡಿ, ಕವಿತೆಗೆ ರಾಗ ಹಾಕುವ ಹಕ್ಕು ಅದರಲ್ಲಿ ಬರುವುದಿಲ್ಲ. ಅಮೆರಿಕದಲ್ಲಿ ಹಳೆಯ ಕೃತಿಗಳಿಗೆ ಪ್ರಕಟವಾದ ವರ್ಷದಿಂದ 95 ವರ್ಷದ ಲೆಕ್ಕ. ಯೇಟ್ಸ್‌ರ ಕೊನೆಯ ವರ್ಷಗಳ ಕವಿತೆಗಳು ಅಲ್ಲಿ ಇನ್ನೂ ಮುಕ್ತವಲ್ಲ.

ಉತ್ತರ 2: ಆ ಕವಿತೆಯ ಪ್ರತಿ ಪದ್ಯದ ಮೊದಲ ಮೂರು ಸಾಲಿಗೆ ಆರಾರು ಒತ್ತು, ನಡುವೆ ಒಂದು ನಿಲುಗಡೆ. ಆರನ್ನೂ ಸತತವಾಗಿ ಹಾಡಿದರೆ ಸಾಲಿನ ಉತ್ತರಾರ್ಧ ನಾಲ್ಕನೇ ಪೆಟ್ಟಿಗೆ ಬಿದ್ದು ಲಯ ಕುಂಟುತ್ತದೆ. ಮೂರು ಒತ್ತು, ಒಂದು ಪೆಟ್ಟು ಮೌನ: ಇದು ಒಂದು ಆವರ್ತ. ಮತ್ತೆ ಹಾಗೆಯೇ. ನಾಲ್ಕನೇ ಸಾಲಿಗೆ ನಾಲ್ಕೇ ಒತ್ತು. ಅದನ್ನು ದಯವಿಟ್ಟು ಎಳೆಯಬೇಡಿ, ಕವಿತೆಯ ಸೊಗಸೇ ಆ ಮೊಟಕು ಸಾಲಿನಲ್ಲಿದೆ. ಒಂದೇ ಆವರ್ತದಲ್ಲಿ ಹಾಡಿ ಮುಗಿಸಿ, ಉಳಿದ ಆವರ್ತವನ್ನು ಗಿಟಾರಿಗೆ ಬಿಡಿ.

ಉತ್ತರ 3: ಡಿ-ಎ-ಡಿ-ಜಿ-ಎ-ಡಿ (6ನೇ ತಂತಿಯಿಂದ 1ನೆಯದರವರೆಗಿನ ಸ್ವರಗಳು) ಶ್ರುತಿ ಈ ಹಾಡುಗಳಿಗೆ ಚೆನ್ನ. 6, 2, 1ನೇ ತಂತಿಗಳನ್ನು ಒಂದೊಂದು ಪೂರ್ಣ ಸ್ವರ ಇಳಿಸಿ. ಬಿಡಿತಂತಿಗಳಲ್ಲಿ ಗಾಂಧಾರ (ಮೇಜರ್, ಮೈನರ್ ಭೇದ ತೋರಿಸುವ ಮೂರನೇ ಸ್ವರ) ಇಲ್ಲದ ಕಾರಣ ಮೇಜರ್, ಮೈನರ್ ಎರಡಕ್ಕೂ ಒಗ್ಗುತ್ತದೆ. ಶ್ರುತಿ ಬದಲಿಸಿದ ಕೂಡಲೇ ತಂತಿ ಮತ್ತೆ ಜಾರುತ್ತದೆ. ಆದ್ದರಿಂದ ಈ ಶ್ರುತಿಯ ಹಾಡುಗಳನ್ನೆಲ್ಲ ಕಾರ್ಯಕ್ರಮದಲ್ಲಿ ಒಟ್ಟಿಗೆ ಇಡಿ.