ಜಮಾ ಅಂದರೆ ಡೆಬಿಟ್ಟೋ, ಕ್ರೆಡಿಟ್ಟೋ?

ಪ್ರಶ್ನೆ (ಹುಬ್ಬಳ್ಳಿ):
ಬಿಬಿಎ ಮೊದಲ ವರ್ಷದ ಲೆಕ್ಕಶಾಸ್ತ್ರಕ್ಕೆ, ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಮಕ್ಕಳಿಗಾಗಿ ಒಂದು ಪದಪಟ್ಟಿ ಸಿದ್ಧವಾಗುತ್ತಿದೆ. ಕ್ರೆಡಿಟ್ ಎದುರು ‘ಜಮಾ’ ಎಂದು ಬರೆದಿದೆ. ಅಂಗಡಿ ಮನೆತನದ ವಿದ್ಯಾರ್ಥಿಗಳು ಇದಕ್ಕೆ ಒಪ್ಪುತ್ತಿಲ್ಲ. ‘ರೊಕ್ಕ ಬಂದ್ರ ಕೀರ್ದಿಯೊಳಗ (ಅಂಗಡಿಯ ದಿನದ ಲೆಕ್ಕದ ಪುಸ್ತಕ) ಜಮಾ ಬರೀತೀವಿ. ಕ್ಲಾಸಿನ್ಯಾಗ ರೊಕ್ಕ ಬಂದ್ರ ಕ್ಯಾಶ್ ಅಕೌಂಟ್ ಡೆಬಿಟ್ ಅಂತಾರ. ಹಂಗಾದ್ರ ಜಮಾ ಅಂದ್ರ ಡೆಬಿಟ್ ಅಲ್ಲೇನ್ರಿ?’ ಎಂಬುದು ಅವರ ವಾದ. ಜಮಾ ಪದವನ್ನು ಬಿಡಬೇಕೇ, ಇಟ್ಟುಕೊಳ್ಳಬೇಕೇ? ಡೆಬಿಟ್‌ಗೆ ‘ಖರ್ಚು’ ಎಂದರೆ ನಡೆದೀತೇ?

ಉತ್ತರ (ಧಾರವಾಡ):
ಜಮಾ ಅಂದರೆ ಕ್ರೆಡಿಟ್ಟೇ. ಆದರೆ ಮಕ್ಕಳ ತಕರಾರಿನಲ್ಲಿ ಹುರುಳಿದೆ. ಅದನ್ನು ಬಿಡಿಸದೆ ಪದಪಟ್ಟಿ ಕೈಗೆ ಕೊಟ್ಟರೆ ಮೊದಲ ಜರ್ನಲ್ ಎಂಟ್ರಿಯಲ್ಲೇ ತಪ್ಪುತ್ತಾರೆ.

ನಮ್ಮ ಕಡೆಯ ಕೀರ್ದಿಯಲ್ಲಿ ಎಡಕ್ಕೆ ಜಮಾ, ಬಲಕ್ಕೆ ಖರ್ಚು. ಒಂದು ದಿನದ ಲೆಕ್ಕ ಹೀಗಿದೆ ಎನ್ನೋಣ. ಮುಂಜಾನೆ ಆರಂಭ ಶಿಲ್ಕು, ಅಂದರೆ ಕೈಯಲ್ಲಿದ್ದ ನಗದು, 12,500. ಹಳೆಯ ಉದ್ರಿ ಬಾಬ್ತು ಗಿರಾಕಿಯೊಬ್ಬ ಕೊಟ್ಟದ್ದು 8,000. ಹಮಾಲಿ 750, ಸಗಟು ವ್ಯಾಪಾರಿಗೆ ಕೊಟ್ಟದ್ದು 5,000. ಎಡಬದಿ ಮೊತ್ತ 20,500. ಬಲಬದಿ 5,750, ಅದರ ಕೆಳಗೆ ಆಖೇರ ಶಿಲ್ಕು 14,750, ಕೂಡಿದರೆ ಅದೂ 20,500. ಇದೇ ದಿನವನ್ನು ಕಾಲೇಜಿನ ಕ್ಯಾಶ್ ಅಕೌಂಟಿನಲ್ಲಿ ಬರೆದರೂ 8,000 ಕೂಡುವುದು ಎಡಕ್ಕೇ. ಆದರೆ ಅಲ್ಲಿ ಎಡಬದಿಯ ನೆತ್ತಿಯ ಮೇಲೆ ‘ಡೆಬಿಟ್’ ಎಂದಿರುತ್ತದೆ. ಅಂಕಿ ಅದೇ, ಜಾಗ ಅದೇ, ತಲೆಬರಹ ಮಾತ್ರ ಬೇರೆ. ಜಮಾ ಅಂದರೆ ಡೆಬಿಟ್ ಎಂಬ ತೀರ್ಮಾನ ಹುಟ್ಟುವುದು ಇಲ್ಲಿಯೇ.

ನೋಡಬೇಕಾದದ್ದು ತಲೆಬರಹ ಯಾರನ್ನು ಕುರಿತದ್ದು ಎಂಬುದನ್ನು. ಕೀರ್ದಿಯಲ್ಲಿ ‘ಜಮಾ 8,000’ ಎಂದು ಬರೆದಾಗ ಅದು ಗಲ್ಲಾಪೆಟ್ಟಿಗೆಯ ಮಾತಲ್ಲ, ಕೊಟ್ಟವನ ಮಾತು. ಮುನೀಮರು ಪೂರ್ತಿಯಾಗಿ ಹೇಳುವಾಗ ‘ಅವರ ಹೆಸರಲೆ ಜಮಾ ಮಾಡ್ರಿ’ ಎನ್ನುತ್ತಾರೆ. ಆ ‘ಹೆಸರಲೆ’ಯಲ್ಲಿ ಇಡೀ ಗುಟ್ಟಿದೆ. ಗಿರಾಕಿಯ ಹೆಸರಿಗೆ ಜಮಾ, ಅಂದರೆ ಗಿರಾಕಿಯ ಖಾತೆಗೆ ಕ್ರೆಡಿಟ್. ಖತಾವಣಿ ಮಾಡುವಾಗಲೂ ಕೀರ್ದಿಯ ಜಮಾ ಬದಿಯಿಂದ ಎತ್ತಿ ಗಿರಾಕಿಯ ಖಾತೆಯ ಜಮಾ ಬದಿಗೇ ಇಳಿಸುತ್ತಾರೆ, ಬದಿ ಬದಲಾಗುವುದಿಲ್ಲ. ಕಾಲೇಜಿನ ಪದ್ಧತಿಯಲ್ಲಿ ಕ್ಯಾಶ್ ಬುಕ್ಕೇ ನಗದಿನ ಖಾತೆ. ಆದ್ದರಿಂದ ಅಲ್ಲಿ ಡೆಬಿಟ್ ಬದಿಯಲ್ಲಿದ್ದದ್ದು ಗಿರಾಕಿಯ ಖಾತೆಗೆ ಹೋಗುವಾಗ ಕ್ರೆಡಿಟ್ ಬದಿಗೆ ದಾಟುತ್ತದೆ. ಕೀರ್ದಿ ನಗದಿನ ಖಾತೆಯಂತೆ ಕಂಡರೂ ಅದು ಎದುರಿನವರ ಹೆಸರುಗಳ ಯಾದಿ ಎಂದು ತಿಳಿಸಿಕೊಟ್ಟರೆ ಗೊಂದಲ ಅಲ್ಲಿಗೇ ನಿಲ್ಲುತ್ತದೆ.

ಡೆಬಿಟ್‌ಗೆ ‘ಖರ್ಚು’ ಎಂದು ಬರೆಯುವುದಕ್ಕೆ ಮಾತ್ರ ನನ್ನ ವಿರೋಧವಿದೆ. ‘ಅವನ ಹೆಸರಿಗೆ ಖರ್ಚು ಹಾಕು’ ಎಂಬ ಬಳಕೆ ಹಳೆಯದು, ತಪ್ಪೂ ಅಲ್ಲ. ಆದರೆ ಬಿಬಿಎ ವಿದ್ಯಾರ್ಥಿಗೆ ಖರ್ಚು ಅಂದರೆ ವೆಚ್ಚ ಎಂಬ ಅರ್ಥವೇ ಮೊದಲು ಬರುವುದು. ಅಂಗಡಿಗೆ 15,000ದ ಕಪಾಟು ಕೊಂಡರೆ ಪೀಠೋಪಕರಣ ಖಾತೆ ಡೆಬಿಟ್ ಆಗುತ್ತದೆ. ಅದನ್ನು ‘ಖರ್ಚು’ ಎಂದು ಓದಿದವನು ಸೀದಾ ಲಾಭ-ಹಾನಿ ಖಾತೆಗೆ ತಳ್ಳುತ್ತಾನೆ. ಅಲ್ಲಿಗೆ ಆಸ್ತಿಯೂ ಕಡಿಮೆ, ಲಾಭವೂ ಕಡಿಮೆ. ಮರಾಠಿಯಲ್ಲಿ ಡೆಬಿಟ್‌ಗೆ ಇರುವ ‘ನಾವೆ’ಯ ಅರ್ಥ ‘ಹೆಸರಿಗೆ’ ಎಂದೇ. ಅದು ಈ ತೊಡಕನ್ನು ತಪ್ಪಿಸುತ್ತದೆ, ಆದರೆ ಕನ್ನಡದಲ್ಲಿ ಬರೆದರೆ ದೋಣಿಯಾಗಿಬಿಡುತ್ತದೆ. ಹಾಗಾಗಿ ಡೆಬಿಟ್, ಕ್ರೆಡಿಟ್ ಎರಡನ್ನೂ ಕನ್ನಡ ಅಕ್ಷರದಲ್ಲಿ ಹಾಗೆಯೇ ಇಟ್ಟು, ವಿವರಣೆಯಲ್ಲಿ ‘ಇಂಥವರ ಹೆಸರಿಗೆ ಜಮಾ’ ಎಂದು ಬಳಸುವುದು ಒಳ್ಳೆಯದು. ಒಂಟಿ ‘ಜಮಾ’ ಬೇಡ.

ಈ ತಪ್ಪು ಹೇಗೆ ಬಚ್ಚಿಟ್ಟುಕೊಳ್ಳುತ್ತದೆ ಎಂಬುದನ್ನೂ ಹೇಳಿಬಿಡಬೇಕು. ವಿದ್ಯಾರ್ಥಿ ಆ 8,000ಕ್ಕೆ ಗಿರಾಕಿಯನ್ನು ಡೆಬಿಟ್ ಮಾಡಿ, ಕ್ಯಾಶನ್ನು ಕ್ರೆಡಿಟ್ ಮಾಡಿದ ಎನ್ನಿ. ಎರಡೂ ಬದಿ ಅದಲುಬದಲಾದ್ದರಿಂದ ಟ್ರಯಲ್ ಬ್ಯಾಲೆನ್ಸ್ (ಎಲ್ಲ ಖಾತೆಗಳ ಡೆಬಿಟ್, ಕ್ರೆಡಿಟ್ ಮೊತ್ತಗಳನ್ನು ಹೋಲಿಸುವ ತಾಳೆಪಟ್ಟಿ) ಸೊಗಸಾಗಿ ತಾಳೆಯಾಗುತ್ತದೆ, ತಪ್ಪು ಕಾಣುವುದೇ ಇಲ್ಲ. ತಿದ್ದುವಾಗ 8,000 ಸಾಲದು. ತಪ್ಪನ್ನು ಅಳಿಸಲು ಒಂದು 8,000, ಸರಿಯಾದದ್ದನ್ನು ಬರೆಯಲು ಇನ್ನೊಂದು. ಅಂದರೆ ಕ್ಯಾಶ್ ಡೆಬಿಟ್ 16,000, ಗಿರಾಕಿ ಕ್ರೆಡಿಟ್ 16,000. ಒಂದೇ ಖಾತೆಯಲ್ಲಿ ಬದಿ ತಪ್ಪಿದ್ದರೆ ತಾಳೆಪಟ್ಟಿಯಲ್ಲಿ 16,000ದ ವ್ಯತ್ಯಾಸ ಬರುತ್ತದೆ. ಬಂದ ವ್ಯತ್ಯಾಸವನ್ನು ಎರಡರಿಂದ ಭಾಗಿಸಿ ಆ ಮೊತ್ತವನ್ನು ಹುಡುಕಿರಿ ಎಂದು ಮೇಷ್ಟ್ರುಗಳು ಹೇಳುವುದು ಇದಕ್ಕೇ. ಒಂಬತ್ತರಿಂದ ಭಾಗವಾದರೆ 540 ಬರೆಯುವಲ್ಲಿ 450 ಬರೆದಂಥ ಅಂಕಿಪಲ್ಲಟವನ್ನು ಅನುಮಾನಿಸಬೇಕು.

ಉತ್ತರ (ಬ್ಯಾಡಗಿ):
ಮೇಲಿನ ಮಾತಿಗೆ ಮೆಣಸಿನಕಾಯಿ ಪೇಟೆಯಿಂದ ಒಂದು ಸಾಕ್ಷಿ. ಜಮಾ ಅಂದರೆ ‘ರೊಕ್ಕ ಬಂತು’ ಎಂದೇ ಆಗಿದ್ದರೆ ಅಡತಿ ಅಂಗಡಿಯ (ರೈತರ ಮಾಲನ್ನು ಕಮಿಷನ್ ಮೇಲೆ ಮಾರಿಕೊಡುವ ಅಂಗಡಿ) ಖಾತೆ ಓದಲಿಕ್ಕೇ ಬರುತ್ತಿರಲಿಲ್ಲ. ರೈತನಿಗೆ ಮೊದಲೇ 10,000 ಮುಂಗಡ ಕೊಟ್ಟಿದ್ದರೆ ಅದು ಅವನ ಹೆಸರಿಗೆ ಖರ್ಚು. ಮುಂದೆ ಅವನ ಮಾಲು 42,000ಕ್ಕೆ ಹೋದರೆ, ಕೊಂಡವನಿಂದ ಇನ್ನೂ ಬಿಡಿಗಾಸು ಬಾರದಿದ್ದರೂ ರೈತನ ಹೆಸರಿಗೆ 42,000 ಜಮಾ ಬೀಳುತ್ತದೆ. ಅಡತಿಯವನು ಕೊಡಬೇಕಾದ ಬಾಕಿ 32,000. ಗಲ್ಲಾಪೆಟ್ಟಿಗೆ ಅಲುಗಿಲ್ಲ, ಜಮಾ ಆಗಿದೆ. ತರಗತಿಯಲ್ಲಿ ಮೊದಲು ಈ ಉದಾಹರಣೆ ಕೊಟ್ಟು ಆಮೇಲೆ ಕೀರ್ದಿಗೆ ಬಂದರೆ ಮಕ್ಕಳಿಗೆ ಬೇಗ ಹತ್ತುತ್ತದೆ.

ಟ್ಯಾಲಿ ಎಂಬ ಲೆಕ್ಕದ ತಂತ್ರಾಂಶ ಕಲಿಯುವವರಿಗೂ ಇದು ನೆರವಾಗುತ್ತದೆ. ಎಫ್6 ಒತ್ತಿ ರಸೀದಿ ವೋಚರ್ ತೆರೆದು, ಸಿಂಗಲ್ ಎಂಟ್ರಿ ಕ್ರಮದಲ್ಲಿ ಮೇಲೆ ಕ್ಯಾಶ್ ಆರಿಸಿ, ಕೆಳಗೆ ಪಾರ್ಟಿಯ ಹೆಸರು ಬರೆಯುವುದು ಥೇಟ್ ಕೀರ್ದಿಯ ಜಮಾ ಬದಿಯೇ. ಪಾರ್ಟಿ ಕ್ರೆಡಿಟ್ ಆಗುತ್ತದೆ, ಕ್ಯಾಶ್ ತಾನಾಗಿ ಡೆಬಿಟ್ ಆಗುತ್ತದೆ.

ಮರುಪ್ರಶ್ನೆ (ಹುಬ್ಬಳ್ಳಿ):
ಹಾಗಾದರೆ ಪಾಸ್‌ಬುಕ್? ಬ್ಯಾಂಕಿನವರು ಜಮಾ ಅಂದದ್ದನ್ನು ನಮ್ಮ ಪುಸ್ತಕದಲ್ಲಿ ಡೆಬಿಟ್ ಮಾಡುತ್ತೇವಲ್ಲ? ಸಹಕಾರಿ ಸಂಘಗಳ ವಾರ್ಷಿಕ ವರದಿಯ ‘ಜಮಾ-ಖರ್ಚು’ ಯಾವ ಲೆಕ್ಕ?

ಉತ್ತರ (ಗದಗ):
ಪಾಸ್‌ಬುಕ್ ಬ್ಯಾಂಕಿನ ಪುಸ್ತಕದಲ್ಲಿರುವ ನಿಮ್ಮ ಖಾತೆಯ ನಕಲು. ನೀವು ಕಟ್ಟಿದ ಹಣ ನಿಮ್ಮ ಹೆಸರಿಗೆ ಜಮಾ, ಏಕೆಂದರೆ ಬ್ಯಾಂಕು ಅದನ್ನು ನಿಮಗೆ ಕೊಡಬೇಕು. ನಿಮ್ಮ ಪುಸ್ತಕದಲ್ಲಿ ಬ್ಯಾಂಕು ನಿಮಗೆ ಕೊಡಬೇಕಾದವರ ಸಾಲಿನಲ್ಲಿದೆ, ಆದ್ದರಿಂದ ಡೆಬಿಟ್. ಪಾಸ್‌ಬುಕ್ಕನ್ನೂ ನಮ್ಮ ಪುಸ್ತಕವನ್ನೂ ತಾಳೆ ನೋಡುವ ಬ್ಯಾಂಕ್ ರಿಕನ್ಸಿಲಿಯೇಶನ್ ಲೆಕ್ಕದಲ್ಲಿ ‘ಪಾಸ್‌ಬುಕ್ ಪ್ರಕಾರ ಕ್ರೆಡಿಟ್ ಬ್ಯಾಲೆನ್ಸ್’ ಎಂದರೆ ನಿಮ್ಮ ಹಣ ಅಲ್ಲಿದೆ ಎಂದು, ‘ಡೆಬಿಟ್ ಬ್ಯಾಲೆನ್ಸ್’ ಎಂದರೆ ಇದ್ದದ್ದಕ್ಕಿಂತ ಹೆಚ್ಚು ತೆಗೆದದ್ದು, ಅಂದರೆ ಓವರ್‌ಡ್ರಾಫ್ಟ್. ಪ್ರಶ್ನೆಪತ್ರಿಕೆಯ ಮೊದಲ ಸಾಲಿನ ಈ ಒಂದು ಪದವನ್ನು ತಿರುವುಮುರುವು ಓದಿದರೆ ಮುಂದಿನ ಕೂಡುವುದು-ಕಳೆಯುವುದೆಲ್ಲ ತಲೆಕೆಳಗಾಗುತ್ತದೆ.

ಸಂಘಗಳ ಜಮಾ-ಖರ್ಚು ಬೇರೆ. ಗದಗ ತಾಲೂಕಿನ ಕಣಗಿನಹಾಳದಲ್ಲಿ 1905ರಲ್ಲೇ ಸಹಕಾರಿ ಪತ್ತಿನ ಸಂಘ ಶುರುವಾದ ಸೀಮೆ ಇದು. ಸಂಘಗಳ ವರದಿಯ ಭಾಷೆ ಇಲ್ಲಿ ಮನೆಮನೆಗೂ ಗೊತ್ತು, ಅದನ್ನು ಪಾಠದಲ್ಲಿ ಬಳಸದಿರುವುದು ನಷ್ಟ. ಅಲ್ಲಿ ಜಮಾ-ಖರ್ಚು ಅಂದರೆ ಬಂದ ನಗದು, ಹೋದ ನಗದು, ಅಂದರೆ ರಿಸೀಟ್ಸ್ ಅಂಡ್ ಪೇಮೆಂಟ್ಸ್ ಅಕೌಂಟ್. ಅದು ಲಾಭ-ಹಾನಿ ಲೆಕ್ಕವಲ್ಲ. ಸದಸ್ಯರು ಕಟ್ಟಿದ ಶೇರು ಹಣ ಜಮಾ ಬದಿಗೆ ಬರುತ್ತದೆ, ಆದರೆ ಆದಾಯವಲ್ಲ. ಸಾಲವಾಗಿ ಕೊಟ್ಟ ಹಣ ಖರ್ಚು ಬದಿಗೆ ಬರುತ್ತದೆ, ಆದರೆ ವೆಚ್ಚವಲ್ಲ. ಅಢಾವೆ ಪತ್ರಿಕೆ ಅಂದರೆ ಬ್ಯಾಲೆನ್ಸ್ ಶೀಟ್, ಇದನ್ನು ಪಟ್ಟಿಗೆ ಧೈರ್ಯವಾಗಿ ಸೇರಿಸಿ.

‘ಕ್ರೆಡಿಟ್’ ಎದುರು ಒಂದೇ ಪದ ಬರೆಯಬೇಡಿ. ಕ್ರೆಡಿಟ್ ಸೇಲ್ಸ್ ಅಂದರೆ ಉದ್ರಿ ಮಾರಾಟ, ಜಮಾ ಮಾರಾಟ ಅಲ್ಲ. ಕ್ರೆಡಿಟ್ ಸೊಸೈಟಿ ಅಂದರೆ ಪತ್ತಿನ ಸಂಘ. ಅಂಕಪಟ್ಟಿಯ ಕ್ರೆಡಿಟ್ ಇನ್ನೂ ಬೇರೆ: ಸೆಮಿಸ್ಟರ್ ಪೂರ್ತಿ ವಾರಕ್ಕೆ ಒಂದು ತಾಸಿನ ಪಾಠಕ್ಕೆ, ಇಲ್ಲವೇ ಎರಡು ತಾಸಿನ ಪ್ರಾಯೋಗಿಕಕ್ಕೆ ಒಂದು ಕ್ರೆಡಿಟ್.

ಬ್ಯಾಲೆನ್ಸ್ ಎಂಬುದಕ್ಕೂ ನಮ್ಮಲ್ಲಿ ಎರಡು ಪದಗಳಿವೆ, ಎರಡನ್ನೂ ಉಳಿಸಿಕೊಳ್ಳಿ. ಕೈಯಲ್ಲಿ ಉಳಿದದ್ದು ಶಿಲ್ಕು. ಬರಬೇಕಾದದ್ದು, ಕೊಡಬೇಕಾದದ್ದು ಬಾಕಿ. ಗಿರಾಕಿಯ ಖಾತೆಯಲ್ಲಿರುವುದು ಬಾಕಿ, ಅದು ಎರಡೂ ಕಡೆ ವಾಲಬಹುದು. ಶಿಲ್ಕು ಹಾಗಲ್ಲ. ಪೆಟ್ಟಿಗೆಯಲ್ಲಿ ಇಲ್ಲದ ರೊಕ್ಕವನ್ನು ಯಾರೂ ಕೊಡಲಾರರು, ಆದ್ದರಿಂದ ಕ್ಯಾಶ್ ಅಕೌಂಟಿನಲ್ಲಿ ಕ್ರೆಡಿಟ್ ಬ್ಯಾಲೆನ್ಸ್ ಬರುವಂತಿಲ್ಲ. ಬಂತೆಂದರೆ ಯಾವುದೋ ಜಮಾ ಬರೆಯುವುದು ಬಿಟ್ಟಿದೆ, ಇಲ್ಲವೇ ಒಂದೇ ಖರ್ಚು ಎರಡು ಸಲ ಬಿದ್ದಿದೆ. ಹುಡುಕಾಟ ಅಲ್ಲಿಂದ ಶುರುವಾಗಲಿ.